ಬೇಣದ ಮಣ್ಣು ತೋಟಕ್ಕೆ ಇಳಿದ ಬೇಸಿಗೆ

ನಮ್ಮ ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕದೆ ಹನ್ನೊಂದು ವರ್ಷ ಆಗಿತ್ತು. ಮರದ ಬುಡದಲ್ಲಿ ಬೇರುಗಳು ಎದ್ದು ಕಾಣುತ್ತಿದ್ದವು. ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಮಣ್ಣು ಬಸಿಗಾಲುವೆಗೆ ಇಳಿದು, ಹಳ್ಳ ಸೇರುತ್ತಿತ್ತು. ಅಡಿಕೆ ಬೇರು ಆಳಕ್ಕೆ ಹೋಗುವುದಿಲ್ಲ. ಮೇಲ್ಪದರದಲ್ಲೇ ಹರಡಿಕೊಂಡು ಬದುಕುತ್ತದೆ. ಆ ಪದರವೇ ತೆಳುವಾದರೆ ಎಷ್ಟು ಗೊಬ್ಬರ ಕೊಟ್ಟರೂ ಪ್ರಯೋಜನ ಇಲ್ಲ ಅಂತ ನನಗೆ ಕಣ್ಣಿಗೆ ಕಾಣುತ್ತಿತ್ತು.

ಅದೇ ಹೊತ್ತಿಗೆ ಇನ್ನೊಂದು ತಲೆಬಿಸಿಯೂ ಇತ್ತು. ಮನೆ ಮುಂದಿನ ಅಂಗಳ ಅಡಿಕೆ ಒಣಗಿಸಲು ಸಾಲುತ್ತಿರಲಿಲ್ಲ. ಮನೆ ಹಿಂದೆ ನಮ್ಮದೇ ಮಾಲ್ಕಿಯ ಬೇಣ ಇದೆ, ಹುಲ್ಲು ಬೆಳೆಯುವ ಇಳಿಜಾರು ಜಾಗ. ಅದನ್ನು ಕಡಿದು ಸಪಾಟು ಮಾಡಿದರೆ ಅಂಗಳವೂ ಆಯಿತು, ಆ ಮಣ್ಣು ತೋಟಕ್ಕೂ ಆಯಿತು. ಹೀಗೆ ಒಂದೇ ಕೆಲಸದಲ್ಲಿ ಎರಡು ಕೆಲಸ ಅಂದುಕೊಂಡು 2024ರ ಬೇಸಿಗೆಯಲ್ಲಿ ಕೈ ಹಾಕಿದೆ. ನಮ್ಮ ಮನೆ ಇರುವುದು ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯ ಒಳಗೆ. ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ. ಜಾತ್ರೆ ಮುಗಿಯುವವರೆಗೆ ಟ್ರ್ಯಾಕ್ಟರ್ ಕೇಳಿದರೂ ಸಿಗುವುದಿಲ್ಲ, ಜನ ಕೇಳಿದರೂ ಸಿಗುವುದಿಲ್ಲ. ಹಾಗಾಗಿ ಆ ತಿಂಗಳನ್ನು ಲೆಕ್ಕ ಹಾಕುವುದಕ್ಕೆ ಇಟ್ಟುಕೊಂಡೆ.

ಹಿಂದೆ ನಮ್ಮ ಮನೆಯಲ್ಲಿ ಮಣ್ಣು ತರುತ್ತಿದ್ದದ್ದು ಬೆಟ್ಟದ ಧರೆಯಿಂದ, ಅಂದರೆ ಕಡಿದಾಗಿ ನಿಂತ ಮಣ್ಣಿನ ಗೋಡೆಯಿಂದ. ಗುದ್ದಲಿಯಲ್ಲಿ ಕಡಿದು, ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತೋಟಕ್ಕೆ ಇಳಿಸುತ್ತಿದ್ದರು. ಬೇಸಿಗೆಯಿಡೀ ಹತ್ತು ಜನ ಹೊತ್ತರೂ ನಾಲ್ಕೈದು ಗುಂಟೆ ಮುಗಿದರೆ ಹೆಚ್ಚು. ಈಗ ಅಷ್ಟು ಜನ ಎಲ್ಲಿದ್ದಾರೆ? ಇನ್ನು ಸೊಪ್ಪಿನ ಬೆಟ್ಟಕ್ಕೆ ಮಷೀನು ಇಳಿಸುವ ಹಾಗೂ ಇಲ್ಲ. ಅಲ್ಲಿ ನಮಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ಮಾತ್ರ, ನೆಲ ನಮ್ಮದಲ್ಲ. ಬೇಣ ಪಹಣಿಯಲ್ಲಿ ನಮ್ಮ ಹೆಸರಲ್ಲಿದೆ, ಮಣ್ಣು ನಮ್ಮ ಜಮೀನು ದಾಟಿ ಹೊರಗೆ ಹೋಗುವುದಿಲ್ಲ. ಆದರೂ ಕೆಲಸ ಶುರು ಮಾಡುವ ಮುಂಚೆ ಪಂಚಾಯ್ತಿಯಲ್ಲೂ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರವೂ ಹೋಗಿ ಹೇಳಿ ಬಂದೆ. ಮಷೀನು ನಿಂತ ಮೇಲೆ ಕಾಗದ ಹುಡುಕುವುದು ಯಾರಿಗೂ ಬೇಡ.

ಮಷೀನು ಯಾವುದು ಅಂತ ಕೇಳುವ ಮೊದಲು ಮಣ್ಣು ಎಷ್ಟು ಅಂತ ಕೇಳಿಕೊಳ್ಳಬೇಕು. ನಾನು ಅಳೆದದ್ದು ಹೀಗೆ. ಅಂಗಳ 80 ಅಡಿ ಉದ್ದ, 40 ಅಡಿ ಅಗಲ. ನೀರು ತುಂಬಿದ ಲೆವೆಲ್ ಪೈಪು ಹಿಡಿದು ನೋಡಿದರೆ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 10 ಅಡಿ ಎತ್ತರದ ವ್ಯತ್ಯಾಸ ಇತ್ತು. ಅಂದರೆ ಮುಂದೆ ಸೊನ್ನೆ, ಹಿಂದೆ 10, ಸರಾಸರಿ 5 ಅಡಿ ಕಡಿಯಬೇಕು. 80 × 40 × 5, ಒಟ್ಟು 16,000 ಘನ ಅಡಿ. ಇದು ನೆಲದಲ್ಲಿ ಗಟ್ಟಿಯಾಗಿ ಕೂತಿರುವ ಮಣ್ಣಿನ ಲೆಕ್ಕ. ಅಗೆದ ಕೂಡಲೇ ಮಣ್ಣು ಉಬ್ಬುತ್ತದೆ. ನಮ್ಮ ಕೆಂಪು ಮಣ್ಣು ಕಾಲು ಭಾಗದಷ್ಟು ಉಬ್ಬುತ್ತದೆ ಅಂತ ಇಟ್ಟುಕೊಂಡರೆ 20,000 ಘನ ಅಡಿ. ನಮ್ಮಲ್ಲಿ ಮಣ್ಣು, ಮರಳು, ಜಲ್ಲಿ ಎಲ್ಲದಕ್ಕೂ ಬ್ರಾಸ್ ಲೆಕ್ಕ. 100 ಘನ ಅಡಿಗೆ ಒಂದು ಬ್ರಾಸ್. ಹಾಗಾದರೆ 200 ಬ್ರಾಸ್.

ತೋಟದ ಕಡೆಯಿಂದಲೂ ಲೆಕ್ಕ ಹಾಕಿದೆ. ಒಂದು ಎಕರೆ ಅಂದರೆ 43,560 ಚದರ ಅಡಿ. ಮೂರು ಇಂಚು ದಪ್ಪ ಹಾಕಿದರೆ ಎಕರೆಗೆ ಸುಮಾರು 109 ಬ್ರಾಸ್. ನಮ್ಮದು ಎರಡು ಎಕರೆ. ಬೇಕಾದದ್ದೂ ಸಿಗುವುದೂ ಹೆಚ್ಚುಕಮ್ಮಿ ಒಂದೇ. ಕಾಗದದ ಮೇಲೆ ಅದನ್ನು ನೋಡಿ ಬಹಳ ಖುಷಿಯಾಯಿತು.

ಲೆಕ್ಕ ಕೇಳಿದ ಅಪ್ಪಯ್ಯ ಒಂದೇ ಮಾತು ಹೇಳಿದರು. "ಅಗಿಯದು ಸುಲಭ ಇದ್ದು ಮಾಣಿ, ಹೊರದೇ ಕಷ್ಟ." ಬುಟ್ಟಿಯಲ್ಲಿ ಮಣ್ಣು ಹೊತ್ತ ಕಾಲದವರು, ಹೊರುವುದೇ ಕಷ್ಟ ಅಂತ ಹೇಳುತ್ತಾರೆ ಅಂದುಕೊಂಡೆ. ಆ ಮಾತಿನ ತೂಕ ನನಗೆ ಗೊತ್ತಾಗಲು ಒಂದು ದಿನದ ಬಾಡಿಗೆ ಖರ್ಚಾಯಿತು.

ಆಮೇಲೆ ಮಷೀನು ಹುಡುಕುವ ಕೆಲಸ. ನಮ್ಮ ಕಡೆ ಹಳದಿ ಬಣ್ಣದ್ದು, ಮುಂದೊಂದು ಹಿಂದೊಂದು ಬಕೆಟ್ ಇರುವುದೆಲ್ಲ ಜೆಸಿಬಿ. ಚೈನಿನ ಮೇಲೆ ಓಡುವುದು ಯಾವ ಕಂಪನಿಯದ್ದಾದರೂ ಹಿಟಾಚಿ. ಜೆಸಿಬಿ ಅನ್ನುವುದು 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೊದಲ ಅಕ್ಷರಗಳು. ಟಾಟಾ ಹಿಟಾಚಿಯ ಕಾರ್ಖಾನೆಯಂತೂ ಪಕ್ಕದ ಧಾರವಾಡದಲ್ಲೇ ಇದೆ. ಎರಡೂ ಹೆಸರು ಈಗ ನಮ್ಮ ಹಳ್ಳಿಯ ಮಾತೇ ಆಗಿಬಿಟ್ಟಿವೆ.

ಜೆಸಿಬಿಯ ದೊಡ್ಡ ಅನುಕೂಲ ಅದರ ಚಕ್ರ. ತಾನೇ ರಸ್ತೆ ಮೇಲೆ ಓಡಿ ಬರುತ್ತದೆ, ಲಾರಿ ಬೇಡ. ತೂಕ ಏಳೂವರೆ, ಎಂಟು ಟನ್ನಿನ ಆಸುಪಾಸು. ಮುಂದಿನ ಬಕೆಟ್‌ಗೆ ಒಂದು ಘನ ಮೀಟರ್ ಮಣ್ಣು ಹಿಡಿಯುತ್ತದೆ, ಅಂದರೆ 35 ಘನ ಅಡಿ. ಸಡಿಲ ಮಣ್ಣಾದರೆ ಮೂರು ಸಲ ಎತ್ತಿದರೆ ಒಂದು ಟ್ರೇಲರ್ ತುಂಬಿತು. ಹಿಂದಿನ ಬಕೆಟ್ ಅದರ ಕಾಲು ಭಾಗದಷ್ಟು ಮಾತ್ರ. ಗಟ್ಟಿ ನೆಲ ಬಂದಾಗ ಕೆಲಸ ಮಾಡಬೇಕಾದದ್ದು ಆ ಚಿಕ್ಕ ಬಕೆಟ್. ಪ್ರತಿ ಸಲ ಜಾಗ ಬದಲಿಸುವಾಗ ಎರಡು ಕಾಲು ಎತ್ತಬೇಕು, ಮುಂದೆ ಹೋಗಬೇಕು, ಮತ್ತೆ ಕಾಲು ಊರಬೇಕು.

ಹಿಟಾಚಿ ಹಾಗಲ್ಲ. ಕೂತಲ್ಲೇ ಸುತ್ತಲೂ ತಿರುಗುತ್ತದೆ. ಅಗೆಯುತ್ತದೆ, ತಿರುಗುತ್ತದೆ, ಟ್ರೇಲರ್‌ಗೆ ಸುರಿಯುತ್ತದೆ. ಇಳಿಜಾರಿನಲ್ಲಿ ಚೈನು ಹಿಡಿದುಕೊಂಡು ನಿಲ್ಲುತ್ತದೆ. ಆದರೆ ರಸ್ತೆಯಲ್ಲಿ ಓಡಿಸಲಾಗದು, ಲಾರಿ ಮೇಲೆ ತರಬೇಕು. ಬರುವುದಕ್ಕೂ ಹೋಗುವುದಕ್ಕೂ ಬೇರೆ ಬಾಡಿಗೆ. ಚಿಕ್ಕ ಕೆಲಸಕ್ಕೆ ಯಾರೂ ಕಳಿಸುವುದಿಲ್ಲ, ಕನಿಷ್ಠ ಇಷ್ಟು ತಾಸು ಅಂತ ಮೊದಲೇ ಹೇಳುತ್ತಾರೆ.

ಮೂರು ನಾಲ್ಕು ಟನ್ನಿನ ಮಿನಿ ಹಿಟಾಚಿಗಳನ್ನೂ ನೋಡಿದೆ. ತೋಟದ ಬಸಿಗಾಲುವೆ ತೆಗೆಯಲು ಬಹಳ ಒಳ್ಳೆಯದು. 200 ಬ್ರಾಸ್ ಕಡಿಯಲು ಅದಕ್ಕೆ ಹೇಳಿದರೆ ಮಳೆಗಾಲವೇ ಬಂದೀತು. ಟ್ರ್ಯಾಕ್ಟರ್ ಮುಂದೆ ಹಲಗೆ ಕಟ್ಟಿ ದೂಡುವವರೂ ಇದ್ದಾರೆ. ಅದು ಸಡಿಲ ಮಣ್ಣು ಹರಡಲು ಸರಿ, ಬೇಣದ ಗಟ್ಟಿ ನೆಲ ಅದರ ಕೈಲಿ ಆಗದು. ಡೋಜರ್ ನಮ್ಮ ಸುತ್ತಮುತ್ತ ಬಾಡಿಗೆಗೆ ಸಿಗಲಿಲ್ಲ. ಸಿಕ್ಕಿದ್ದರೂ ಅದು ಮಣ್ಣನ್ನು ಹತ್ತಿರಕ್ಕೆ ದೂಡುವ ಮಷೀನು. ನನ್ನ ತೋಟ 350 ಮೀಟರ್ ಕೆಳಗಿದೆ.

ಈ ಮಧ್ಯೆ ಸಿದ್ದಾಪುರದ ಕಡೆಯ ಭಾವ ಬಂದ. ಅವನದ್ದು ಬೇರೆಯೇ ಲೆಕ್ಕ. "ಹಳೇ ಜೆಸಿಬಿ ಒಂದು ತಗಂಡ್ಬಿಡು ಭಾವಾ. ಕೆಲ್ಸ ಮುಗದ್ಮೇಲೆ ಮಾರಿದ್ರಾತು." ಎರಡು ರಾತ್ರಿ ಅದನ್ನೇ ಯೋಚಿಸಿದೆ. ಸ್ವಂತ ಮಷೀನು ಇದ್ದರೆ ಮೀಟರ್ ನೋಡುವ ಗಡಿಬಿಡಿ ಇಲ್ಲ, ಬೇಕಾದಾಗ ಕೆಲಸ ಮಾಡಬಹುದು ಅಲ್ವಾ? ಒಬ್ಬ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿ ಒಂದು ಗಾಡಿ ನೋಡಿಯೂ ಬಂದೆ.

ಆ ಮೆಕ್ಯಾನಿಕ್ ನೋಡಿದ ರೀತಿಯನ್ನು ಇಲ್ಲಿ ಬರೆಯಲೇಬೇಕು. ಮಾರುವವರು ಹೊಸ ಪೇಂಟು ಹೊಡೆಸಿದ್ದರು. ಅವನು ಪೇಂಟ್ ಕಡೆ ಕಣ್ಣೇ ಹಾಯಿಸಲಿಲ್ಲ. ಮೊದಲು ಎಂಜಿನ್ ಮುಟ್ಟಿ ನೋಡಿದ. ನಾವು ಬರುವ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದಾರೋ ಅಂತ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿದ. ಆಮೇಲೆ ಹಿಂದಿನ ಬಕೆಟ್ ಎತ್ತಿಸಿ, ಕಬ್ಬಿಣದ ಹಾರೆ ಹಾಕಿ ಅಲ್ಲಾಡಿಸಿದ. ಕೀಲಿನಲ್ಲಿರುವ ಪಿನ್ನು, ಬುಶ್ಶು ಸವೆದಿದ್ದರೆ ಬಕೆಟ್ ಲಟಲಟ ಅನ್ನುತ್ತದೆ. ಇದು ಅನ್ನುತ್ತಿತ್ತು. ಕೊನೆಗೆ ಮುಂದಿನ ಬಕೆಟ್ ಮೇಲೆತ್ತಿಸಿ ಎಂಜಿನ್ ಆಫ್ ಮಾಡಿಸಿ, "ಚಾ ಕುಡ್ಕಂಡು ಬರೋಣ ನಡೀರಿ" ಅಂದ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಬಕೆಟ್ ಒಂದು ಗೇಣು ಕೆಳಗೆ ಇಳಿದಿತ್ತು. ಹೈಡ್ರಾಲಿಕ್ ಸಿಲಿಂಡರ್ ಅಥವಾ ವಾಲ್ವ್ ಒಳಗೆ ಎಣ್ಣೆ ಸೋರುತ್ತಿದೆ ಅಂತ ಅರ್ಥ. ಮೀಟರ್ ತೋರಿಸುತ್ತಿದ್ದ ತಾಸಿಗೂ ಪೆಡಲ್ ಸವೆದಿರುವುದಕ್ಕೂ ತಾಳೆ ಆಗುತ್ತಿರಲಿಲ್ಲ.

ಗಾಡಿ ಚೆನ್ನಾಗಿದ್ದರೂ ನಾನು ಕೊಳ್ಳುತ್ತಿರಲಿಲ್ಲ ಅಂತ ಬಸ್ಸಿನಲ್ಲಿ ಬರುವಾಗ ಅನ್ನಿಸಿತು. ನನ್ನ ಕೆಲಸ ಹೆಚ್ಚೆಂದರೆ 40 ತಾಸು. ಅಷ್ಟಕ್ಕೆ ಅಷ್ಟು ದೊಡ್ಡ ದುಡ್ಡು ಹಾಕಿ, ಟಯರ್, ಎಣ್ಣೆ, ಇನ್ಶೂರೆನ್ಸ್ ಅಂತ ನೋಡಿಕೊಂಡು, ಓಡಿಸಲು ಆಪರೇಟರ್ ಹುಡುಕುವುದು ಯಾಕೆ? ವರ್ಷಕ್ಕೆ ಮುನ್ನೂರು ನಾನೂರು ತಾಸು ಕೆಲಸ ಇರುವವರ ಮಾತು ಬೇರೆ. ಆಪರೇಟರ್ ಕೆಲಸವನ್ನೂ ನಾನು ಹಗುರ ಮಾಡಿ ನೋಡಲಾರೆ. ಇಳಿಜಾರಿನಲ್ಲಿ ಎಂಟು ಟನ್ನಿನ ಗಾಡಿಯನ್ನು ಹತೋಟಿಯಲ್ಲಿ ಇಡುವುದು ನಾಲ್ಕು ದಿನದಲ್ಲಿ ಕಲಿಯುವ ವಿದ್ಯೆ ಅಲ್ಲ.

ಬಾಡಿಗೆಗೆ ಅಂತ ತೀರ್ಮಾನ ಆದ ಮೇಲೆ ಭಾವ ಇಪ್ಪತ್ತು ಟನ್ನಿನ ಹಿಟಾಚಿಯನ್ನೇ ತರಿಸು ಅಂದ. ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ ಅಂತ ಅವನ ವಾದ. ನಾನು ಟೇಪು ಹಿಡಿದು ರಸ್ತೆ ಅಳೆಯಲು ಹೋದೆ. ನಮ್ಮ ಮನೆಗೆ ಬರುವ ದಾರಿಯಲ್ಲಿ ಸಿಮೆಂಟ್ ಪೈಪು ಹಾಕಿದ ಹಳೆಯ ಮೋರಿ ಇದೆ, ಮೇಲೆ ಮಣ್ಣು ಒಂದಡಿಯೂ ಇಲ್ಲ. ಲಾರಿ ತೂಕವೂ ಸೇರಿದರೆ ಮೂವತ್ತು ಟನ್ನಿಗೂ ಮೇಲೆ. ಆ ಮೋರಿ ಒಡೆದರೆ ಏಳು ಮನೆಗೆ ದಾರಿ ಇಲ್ಲ. ಹಾಗಾಗಿ ದೊಡ್ಡ ಮಷೀನಿನ ಮಾತು ಅಲ್ಲಿಗೇ ಮುಗಿಯಿತು. ಜೆಸಿಬಿ ಸಾಕು ಅಂದುಕೊಂಡೆ. ಆಗ ನಮ್ಮ ಕಡೆ ತಾಸಿಗೆ 1,200 ರೂಪಾಯಿ.

ಒಂದು ತಪ್ಪು ಮಾಡಿದೆ. ಮಣ್ಣಿನ ಗುಣ ನೋಡಲು ಗುಂಡಿ ತೆಗೆಸಿದೆ, ಆದರೆ ಒಂದೇ ಕಡೆ. ಅದೂ ಕೆಳಗಿನ ಮೂಲೆಯಲ್ಲಿ, ಅಗೆಯಲು ಸುಲಭ ಅಂತ. ಮೂರಡಿವರೆಗೂ ಮೆತ್ತಗಿನ ಕೆಂಪು ಮಣ್ಣು ಬಂತು. ಬೇಣ ಇಡೀ ಹೀಗೇ ಇದೆ ಅಂದುಕೊಂಡೆ.

ಏಪ್ರಿಲ್ ಮಧ್ಯದಲ್ಲಿ ಜೆಸಿಬಿ ಬಂತು, ಜೊತೆಗೆ ಎರಡು ಟ್ರ್ಯಾಕ್ಟರ್. ಮೊದಲು ಮುಕ್ಕಾಲು ಅಡಿ ಮೇಲ್ಮಣ್ಣನ್ನು ಕೆರೆಸಿ ಬೇರೆ ರಾಶಿ ಹಾಕಿಸಿದೆ. ಹುಲ್ಲು, ಎಲೆ ಕೊಳೆತು ಕಪ್ಪಾಗಿದ್ದ ಮಣ್ಣು ಅದು. ಅದನ್ನು ಅಡಿಗೆ ಹಾಕಿ ಕೆಂಪು ಮಣ್ಣು ಮೇಲೆ ಹಾಕಿದರೆ ದೊಡ್ಡ ನಷ್ಟ. ಆಪರೇಟರ್ ಹಾವೇರಿ ಕಡೆಯ ಹುಡುಗ, ಕೈ ಚೆನ್ನಾಗಿತ್ತು. ಅಂಚಿಗೆ ಸುಣ್ಣದ ಗೆರೆ ಹಾಕಿದ್ದೆ, ಆ ಗೆರೆ ಎಲ್ಲೂ ದಾಟಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನಗೆ ಸಂಕಟ ಶುರುವಾಯಿತು. ಜೆಸಿಬಿ ಐದು ನಿಮಿಷದಲ್ಲಿ ಒಂದು ಟ್ರೇಲರ್ ತುಂಬುತ್ತಿತ್ತು. ಟ್ರ್ಯಾಕ್ಟರ್ ಕೆಳಗೆ ಹೋಗಿ, ಸುರಿದು, ತಿರುಗಿಸಿಕೊಂಡು, ಏರು ಹತ್ತಿ ಬರಲು, ತುಂಬುವ ಹೊತ್ತೂ ಸೇರಿ, ಇಪ್ಪತ್ತು ನಿಮಿಷ. ತಾಸಿಗೆ ಒಂದು ಟ್ರ್ಯಾಕ್ಟರ್ ಮೂರು ಟ್ರಿಪ್. ಎರಡಕ್ಕೆ ಆರು. ಎರಡನೆಯದು ಹೋದ ಮೇಲೆ ಮೊದಲನೆಯದು ಬರುವವರೆಗೆ ಜೆಸಿಬಿ ಸುಮ್ನೆ ಗುರುಗುಟ್ಟುತ್ತಾ ನಿಂತಿರುತ್ತಿತ್ತು. ಅದರ ಮೀಟರ್ ಎಂಜಿನ್ ಓಡಿದ ತಾಸನ್ನು ಎಣಿಸುತ್ತದೆ. ಕೆಲಸ ಮಾಡಿತೋ ನಿಂತಿತೋ ಅದಕ್ಕೆ ಗೊತ್ತಿಲ್ಲ. ಸಂಜೆ ಎಣಿಸಿದರೆ 8 ತಾಸಿಗೆ 46 ಲೋಡು. ಅಷ್ಟು ತುಂಬಲು ನಾಲ್ಕು ತಾಸು ಸಾಕಿತ್ತು. ಊಟದ ಹೊತ್ತಿನಲ್ಲೂ ಎಂಜಿನ್ ಆಫ್ ಆಗಿರಲಿಲ್ಲ. ಅದನ್ನು ಗಾಡಿ ಮಾಲೀಕರ ಹತ್ತಿರ ಹೇಳಿದಾಗ ಮೀಟರ್ ಎಷ್ಟೋ ಅಷ್ಟು ಅಂದರು. ಬೆಳಿಗ್ಗೆ ಮೀಟರ್ ಬರೆದುಕೊಂಡಿದ್ದೆ, ಊಟದ ಹೊತ್ತಿಗೆ ಆಫ್ ಮಾಡಬೇಕು ಅಂತ ಮಾತಾಡಿರಲಿಲ್ಲ. ಮನಸ್ಸಿಗೆ ಬೇಜಾರಾದರೂ ಪೂರ್ತಿ ಕೊಟ್ಟೆ.

ಅವತ್ತು ರಾತ್ರಿ ಅಪ್ಪಯ್ಯನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಕಾಗದ ತೆಗೆದು ಮತ್ತೆ ಲೆಕ್ಕ ಹಾಕಿದೆ. ನಮ್ಮ ಟ್ರೇಲರ್ ಒಳಗೆ 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ. 90 ಘನ ಅಡಿ. 20,000ಕ್ಕೆ 222 ಲೋಡು. ಎರಡು ಟ್ರ್ಯಾಕ್ಟರ್ ಇಟ್ಟುಕೊಂಡರೆ ಜೆಸಿಬಿ 37 ತಾಸು ಇರಬೇಕು, 44,400 ರೂಪಾಯಿ. ನಾಲ್ಕು ಟ್ರ್ಯಾಕ್ಟರ್ ಇದ್ದರೆ 20 ತಾಸಿನೊಳಗೆ ಮುಗಿಯುತ್ತದೆ, 24,000. ಟ್ರ್ಯಾಕ್ಟರ್ ಬಾಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಎರಡು ಟ್ರ್ಯಾಕ್ಟರ್ ಜಾಸ್ತಿ ಹೊತ್ತು ಓಡುವುದೂ ಒಂದೇ, ನಾಲ್ಕು ಕಡಿಮೆ ಹೊತ್ತು ಓಡುವುದೂ ಒಂದೇ. ಬೆಳಗಾಗುವುದರೊಳಗೆ ಫೋನು ಮಾಡಿ ಇನ್ನೆರಡು ಟ್ರ್ಯಾಕ್ಟರ್ ಹೊಂದಿಸಿದೆ. ತೋಟದ ಹತ್ತಿರ ಟ್ರ್ಯಾಕ್ಟರ್ ತಿರುಗಿಸಲು ಜಾಗ ಸಾಲದೆ ಪ್ರತಿ ಟ್ರಿಪ್‌ಗೂ ಮೂರು ನಾಲ್ಕು ನಿಮಿಷ ಹೋಗುತ್ತಿತ್ತು. ಬೆಳಿಗ್ಗೆ ಮೊದಲ ಅರ್ಧ ತಾಸು ಜೆಸಿಬಿಯಿಂದ ಅಲ್ಲೊಂದು ತಿರುಗುವ ಜಾಗ ಮಾಡಿಸಿದೆ. ಮಷೀನು ಯಾವುದೇ ಇರಲಿ, ಆ ಅರ್ಧ ತಾಸಿನಷ್ಟು ಲಾಭ ಮತ್ತೆಲ್ಲೂ ಸಿಗಲಿಲ್ಲ.

ಎರಡನೇ ದಿನ ಐದು ತಾಸಿಗೆ 55 ಲೋಡು ಹೋಯಿತು. ನೋಡಲು ಚೆಂದ ಇತ್ತು. ಒಂದು ಟ್ರ್ಯಾಕ್ಟರ್ ಹೊರಡುವಾಗ ಇನ್ನೊಂದು ಬಂದು ನಿಲ್ಲುತ್ತಿತ್ತು. ಇಳಿಜಾರಿನಲ್ಲಿ ಒಂದು ಸಲ ಮಾತ್ರ ಎದೆ ಝಲ್ಲೆಂದಿತು. ತುಂಬಿದ ಟ್ರೇಲರ್ ಅಂದರೆ ಮೂರೂವರೆ ನಾಲ್ಕು ಟನ್ ಮಣ್ಣು. ಆ ಟ್ರೇಲರ್‌ಗೆ ಬ್ರೇಕ್ ಇರಲಿಲ್ಲ, ಇಳಿಯುವಾಗ ಅದು ಟ್ರ್ಯಾಕ್ಟರನ್ನೇ ಮುಂದಕ್ಕೆ ದೂಡುತ್ತದೆ. ಒಬ್ಬ ಹುಡುಗ ಗೇರ್ ಬದಲಿಸಲು ಹೋಗಿ ಗಾಡಿ ಅಡ್ಡಕ್ಕೆ ಜಾರಿತು. ಪುಣ್ಯಕ್ಕೆ ಧರೆಗೆ ತಾಗಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಮೇಲೆ ಹೊರಡುವಾಗಲೇ ಚಿಕ್ಕ ಗೇರಿಗೆ ಹಾಕಿಕೊಂಡು, ಕೆಳಗೆ ಮುಟ್ಟುವವರೆಗೆ ಕ್ಲಚ್ ಮುಟ್ಟಬಾರದು ಅಂತ ನಾಲ್ವರಿಗೂ ಹೇಳಿದೆ. ಟ್ರೇಲರ್ ರಾಶಿ ಏರಿಸಿ ತುಂಬುವುದನ್ನೂ ನಿಲ್ಲಿಸಿದೆ.

ಆ ಮಧ್ಯಾಹ್ನವೇ ಜೆಸಿಬಿ ನಿಂತಿತು. ಮೇಲಿನ ಮೂಲೆಯಲ್ಲಿ ಎರಡೂವರೆ ಅಡಿ ಹೋಗುವುದರೊಳಗೆ ಬಕೆಟ್ ಕರಕರ ಅಂತು. ಆಪರೇಟರ್ ಇಳಿದು ಬಂದ. "ಇಲ್ಲಿ ಹಲ್ಲು ಹಿಡಿಯಂಗಿಲ್ರಿ ಸರ. ಜಂಬಿಟಗಿ ಐತಿ." ಜಂಬಿಟ್ಟಿಗೆ, ಘಟ್ಟದ ಕೆಳಗಿನವರು ಚಿರೇಕಲ್ಲು ಅನ್ನುವ ಅದೇ ಕೆಂಪು ಕಲ್ಲು. ಹಿಂದಿನ ಬಕೆಟ್ ಹಾಕಿ ನೋಡಿದ. ಬರುತ್ತಿತ್ತು, ಆದರೆ ಕಾಲು ತಾಸಿಗೆ ಒಂದು ಟ್ರೇಲರ್. ಹೀಗೆ ಮಾಡಿದರೆ ನಿಮಗೂ ನಷ್ಟ, ಗಾಡಿಗೂ ನಷ್ಟ ಅಂತ ಅವನೇ ಹೇಳಿದ. ನೇರ ಮಾತಿನ ಆ ಹುಡುಗನ ಮೇಲೆ ನನಗೆ ಈಗಲೂ ಗೌರವ ಇದೆ. ನಾಲ್ಕು ಮೂಲೆಗೆ ನಾಲ್ಕು ಗುಂಡಿ ತೆಗೆಸಿದ್ದರೆ ಒಂದು ದಿನದ ಕೂಲಿ ಹೋಗುತ್ತಿತ್ತು ಅಷ್ಟೇ. ಮೊದಲೇ ಗೊತ್ತಿದ್ದರೆ ಜೆಸಿಬಿಯನ್ನು ಕರೆಸುತ್ತಲೇ ಇರಲಿಲ್ಲ.

ಇನ್ನು ಬೇಕಾದದ್ದು ಚೈನಿನ ಮಷೀನು, ಆದರೆ ಮೋರಿ ದಾಟುವಂಥದ್ದು. ಹನ್ನೊಂದು ಟನ್ನಿನದ್ದು ಒಂದು ಇದೆ ಅಂತ ಗೊತ್ತಾಯಿತು, ಹಿಟಾಚಿ 110. ಬಕೆಟ್ ಅರ್ಧ ಘನ ಮೀಟರ್ ಆಸುಪಾಸು. ಐದಾರು ಸಲ ಸುರಿದರೆ ಟ್ರೇಲರ್ ತುಂಬುತ್ತದೆ. ತಾಸಿಗೆ 1,600 ರೂಪಾಯಿ, ಲಾರಿಗೆ ಎರಡೂ ಕಡೆಯದ್ದು ಸೇರಿ 8,000. ಆದರೆ ಬೇರೆ ಕಡೆ ಕೆಲಸದಲ್ಲಿತ್ತು. ಹನ್ನೆರಡು ದಿನ ಕಾಯಬೇಕಾಯಿತು. ದಿನಾ ಆಕಾಶ ನೋಡುತ್ತಿದ್ದೆ.

ಬಂದ ದಿನ ಲಾರಿಯನ್ನು ಒಂದು ಕಿಲೋಮೀಟರ್ ಆಚೆಯೇ ನಿಲ್ಲಿಸಿ ಮಷೀನು ಇಳಿಸಿದೆವು. ಲಾರಿ ಸಮೇತ ಮೋರಿ ಹತ್ತಿಸುವ ಧೈರ್ಯ ಇರಲಿಲ್ಲ. ಚೈನು ಡಾಂಬರಿನ ಮೇಲೆ ಹೋದರೆ ಡಾಂಬರು ಕಿತ್ತು ಬರುತ್ತದೆ. ಊರಿನ ರಸ್ತೆ ಅದು, ಎಷ್ಟೋ ವರ್ಷ ಕಾದು ಆದ ರಸ್ತೆ. ಹಳೇ ಟಯರ್‌ಗಳನ್ನು ಹಾಸಿ, ದಾಟಿದ ಮೇಲೆ ಹಿಂದಿನದ್ದನ್ನು ಮುಂದಕ್ಕೆ ತಂದು ಹಾಸುತ್ತಾ, ಡಾಂಬರು ಇರುವ ಅಷ್ಟೂ ದೂರ ಹೀಗೇ ನಡೆಸಿಕೊಂಡು ಬಂದೆವು. ಅರ್ಧ ದಿನ ಹೋಯಿತು. ಮೋರಿಯ ಮೇಲೆ ದಪ್ಪ ಹಲಗೆ ಹಾಕಿ ದಾಟಿಸಿದೆವು. ರಸ್ತೆಗೆ ಒಂದು ಗೀರು ಬಿದ್ದಿಲ್ಲ.

ಹಿಟಾಚಿ ಜಂಬಿಟ್ಟಿಗೆಯನ್ನು ಹಲ್ಲಿನಲ್ಲಿ ಕೆದರಿ ಕೆದರಿ ತೆಗೆಯಿತು. ಈ ಕಲ್ಲಿನ ಗುಣವೇ ಹಾಗೆ. ನೆಲದ ಒಳಗೆ ಇರುವಾಗ ಸ್ವಲ್ಪ ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಕಡಿದ ಕೂಡಲೇ ಸಾಗಿಸಿದರೆ ಸುಲಭ. ಆದರೆ ಅದನ್ನು ತೋಟಕ್ಕೆ ಹಾಕುವ ಹಾಗಿಲ್ಲವಲ್ಲ. ಅಂಥ 50 ಲೋಡನ್ನು ಟ್ರ್ಯಾಕ್ಟರ್ ದಾರಿಗೂ, ಅಂಗಳದ ಮುಂದಿನ ತಗ್ಗಿಗೂ ಹಾಕಿಸಿದೆ. ಮಳೆಗಾಲದಲ್ಲಿ ಕೆಸರಾಗುತ್ತಿದ್ದ ದಾರಿ ಗಟ್ಟಿಯಾಯಿತು.

ಮೂರನೇ ದಿನ ಭರಣಿ ಮಳೆ ಬಂತು, ಒಂದು ತಾಸು ಮಾತ್ರ. ಅಷ್ಟಕ್ಕೇ ದಾರಿ ಬೆಣ್ಣೆಯ ಹಾಗಾಯಿತು. ಹಿಟಾಚಿ ಕೆಲಸ ಮಾಡಬಲ್ಲದು, ಟ್ರ್ಯಾಕ್ಟರ್ ಏರು ಹತ್ತದು. ಎರಡು ದಿನ ಎಲ್ಲ ನಿಂತಿತು. ಮಳೆಗೆ ತಲೆಬಾಗಲೇಬೇಕು, ಅದರಲ್ಲಿ ಬೇರೆ ಮಾತಿಲ್ಲ.

ಆಮೇಲಿನದ್ದು ನನಗೆ ಹೆಚ್ಚು ಮುಖ್ಯ ಅನ್ನಿಸಿದ ಭಾಗ. ಹಿಂದಿನ ಎಡ ಮೂಲೆಯಲ್ಲಿ, ಜಂಬಿಟ್ಟಿಗೆಯ ಕೆಳಗೆ, ಬಿಳಿ ಗುಲಾಬಿ ಬಣ್ಣದ ನುಣುಪು ಮಣ್ಣು ಕಾಣಿಸಿತು. ಶೇಡಿ. ಆಯಿ ಚಿಕ್ಕವಳಿದ್ದಾಗ ಗೋಡೆಗೆ ಬಳಿಯಲು ತರುತ್ತಿದ್ದ ಅದೇ ಶೇಡಿ. ಗೋಡೆಗೆ ಚೆಂದ, ಗುಡ್ಡಕ್ಕೆ ಅಪಾಯ. ನೀರು ಕುಡಿದರೆ ಸಾಬೂನಿನ ಹಾಗೆ ಜಾರುತ್ತದೆ, ಮೇಲಿನ ಮಣ್ಣನ್ನೂ ಎಳೆದುಕೊಂಡು ಬರುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಕೊಚ್ಚಿ ಹೋದದ್ದನ್ನು ನಾನು ಹೋಗಿ ಕಣ್ಣಾರೆ ನೋಡಿದ್ದೆ. ಆ ಮೂಲೆಯನ್ನು ಅಲ್ಲಿಗೇ ಬಿಟ್ಟೆ. ಅಂಗಳ ಒಂದು ಕಡೆ ಹತ್ತು ಅಡಿ ಗಿಡ್ಡ ಆಯಿತು, ಆಗಲಿ. ತೆರೆದುಕೊಂಡ ಶೇಡಿಯ ಮೇಲೆ ಮತ್ತೆ ಮಣ್ಣು ಹಾಕಿಸಿ ಒತ್ತಿಸಿದೆ.

ಹಿಂದಿನ ಹತ್ತು ಅಡಿ ಧರೆಯನ್ನು ನೆಟ್ಟಗೆ ನಿಲ್ಲಿಸಬೇಡಿ ಅಂತ ಆಪರೇಟರ್‌ಗೆ ಮೊದಲೇ ಹೇಳಿದ್ದೆ. ಐದು ಅಡಿಗೆ ಒಂದು ಮೆಟ್ಟಿಲು, ಆ ಮೆಟ್ಟಿಲು ನಾಲ್ಕು ಅಡಿ ಅಗಲ, ಧರೆಯ ಮುಖ ಹಿಂದಕ್ಕೆ ವಾಲಿದ ಹಾಗೆ. ಮೇಲೆ ಬೇಣದ ನೀರು ಧರೆಗೆ ಬೀಳದಂತೆ ಅಡ್ಡ ಕಾಲುವೆ ತೆಗೆಸಿ ಪಕ್ಕದ ಹಳ್ಳಕ್ಕೆ ತಿರುಗಿಸಿದೆ. ಇದಕ್ಕೆಲ್ಲ ಹಿಟಾಚಿಯ ಐದು ತಾಸು ಹೋಯಿತು, 8,000 ರೂಪಾಯಿ. ಒಂದು ಟ್ರೇಲರ್ ಮಣ್ಣೂ ತೋಟಕ್ಕೆ ಹೋಗದ ಐದು ತಾಸು. ಕೈ ಮುಗಿದು ಹೇಳುವೆ, ಮನೆ ಹಿಂದೆ ಧರೆ ಕಡಿಸುವವರು ಈ ದುಡ್ಡನ್ನು ದಯವಿಟ್ಟು ಉಳಿಸಬೇಡಿ.

ಒಟ್ಟು 236 ಲೋಡು. ಲೆಕ್ಕಕ್ಕಿಂತ 14 ಜಾಸ್ತಿ, ಮೆಟ್ಟಿಲು ಕಡಿದದ್ದಕ್ಕೆ. ಜೆಸಿಬಿ 13 ತಾಸು, 15,600. ಹಿಟಾಚಿ 17 ತಾಸು, 27,200. ಲಾರಿ 8,000. ನಾಲ್ಕು ಟ್ರ್ಯಾಕ್ಟರ್ ಎಲ್ಲ ಸೇರಿ 84 ತಾಸು, ತಾಸಿಗೆ 650ರಂತೆ 54,600. ಎರಡೂ ಮಷೀನಿನ ಬಾಡಿಗೆ ಸೇರಿದರೂ ಟ್ರ್ಯಾಕ್ಟರ್ ಬಾಡಿಗೆಯಷ್ಟು ಆಗಲಿಲ್ಲ.

ಅದೂ ತೋಟದ ಅಂಚಿನವರೆಗೆ ಮಾತ್ರ. ಒಳಗೆ ಟ್ರ್ಯಾಕ್ಟರ್ ಹೋಗದು. ಮರದಿಂದ ಮರಕ್ಕೆ ಒಂಬತ್ತು ಅಡಿ, ನಡುವೆ ಕಾಲುವೆ. ಹೋಗುವ ಹಾಗಿದ್ದರೂ ನಾನು ಬಿಡುತ್ತಿರಲಿಲ್ಲ. ಭಾರದ ಗಾಡಿ ಓಡಾಡಿದರೆ ಮೇಲಿನ ಬೇರು ಹಿಚುಕಿ ಹೋಗುತ್ತದೆ, ನೆಲ ಗಟ್ಟಿಯಾಗಿ ನೀರು ಇಳಿಯುವುದಿಲ್ಲ. ಪಕ್ಕದ ಮನೆಯ ಅಣ್ಣನ ಹತ್ತಿರ ಮೋಟೋಕಾರ್ಟ್ ಇತ್ತು, ಎಂಜಿನ್ ಇರುವ ಚಿಕ್ಕ ಕೈಗಾಡಿ. ಅದನ್ನು ತಂದು, ಕಾಲುವೆ ದಾಟಲು ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಪುಟ್ಟ ಸಂಕ ಹಾಕಿ, ಎಂಟು ಜನ ಇಪ್ಪತ್ತು ದಿನ ಮಣ್ಣು ಹರಡಿದರು. ಮೊದಲು ಗೊಬ್ಬರ, ಅದರ ಮೇಲೆ ಸೊಪ್ಪು, ಅದರ ಮೇಲೆ ಮಣ್ಣು. ಕೂಲಿ ಹತ್ತಿರ ಹತ್ತಿರ ಒಂದು ಲಕ್ಷ. ಕಡಿಯುವುದರ ಎರಡು ಪಟ್ಟಿಗೂ ಜಾಸ್ತಿ. ಎರಡು ಎಕರೆಗೆ ಅಂದುಕೊಂಡದ್ದು ಒಂದೂವರೆ ಎಕರೆಗೆ ಆಯಿತು. ರೋಹಿಣಿ ಮಳೆ ಹಿಡಿಯುವಾಗ ಕೊನೆಯ ರಾಶಿ ಹರಡಿ ಮುಗಿದಿತ್ತು.

ಆ ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಸುದ್ದಿ ಕೇಳಿದ ದಿನದಿಂದ ದಿನಕ್ಕೆ ಎರಡು ಮೂರು ಸಲ ಕಂಬಳಿ ಕೊಪ್ಪೆ ಹಾಕಿಕೊಂಡು ಹಿಂದಿನ ಧರೆ ನೋಡಲು ಹೋಗುತ್ತಿದ್ದೆ. ಬಿಡದೆ ಮಳೆ. ಮೇಲಿನ ಕಾಲುವೆಯಲ್ಲಿ ನೀರು ತುಂಬಿ ಹಳ್ಳದ ಕಡೆ ಓಡುತ್ತಿತ್ತು. ಎಡ ಮೂಲೆ ಹಾಗೇ ನಿಂತಿತ್ತು. ಕೆಳಗಿನ ಮೆಟ್ಟಿಲಿನಿಂದ ಮಾತ್ರ ಸ್ವಲ್ಪ ಮಣ್ಣು ಜರಿದು ಅಂಗಳಕ್ಕೆ ಬಿದ್ದಿತ್ತು, ಎರಡು ಬುಟ್ಟಿಯಷ್ಟು. ಆಯಿ ಅದನ್ನು ತನ್ನ ಡೇರೆ ಹೂವಿನ ಗಿಡಗಳ ಬುಡಕ್ಕೆ ಹಾಕಿಸಿಕೊಂಡಳು.